ಐವತ್ತರ ನೋಟು ಹಿಡಿದು ಹಂಪಿಯಲ್ಲಿ ನಾಲ್ಕು ದಿನ

ಮೊದಲ ದಿನ

ಹಂಪಿ ಎಕ್ಸ್‌ಪ್ರೆಸ್ ಹೊಸಪೇಟೆ ತಲುಪಿದಾಗ ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಡಿಸೆಂಬರ್ ಕೊನೆಯ ವಾರ, ಶಾಲಾ ಪ್ರವಾಸಗಳ ಕಾಲ. ಗೊತ್ತಿದ್ದೇ ಹೊರಟಿದ್ದೆ. ಹಂಪಿಗೆ ಹೋಗುವವರು ಜನ ಕಡಿಮೆ ಇರುವ ದಿನ ಹುಡುಕುತ್ತಾರೆ. ಈ ಸಲ ನನಗೆ ಬೇಕಾಗಿದ್ದದ್ದು ಜನವೇ.

ಇಪ್ಪತ್ತು ವರ್ಷಗಳಲ್ಲಿ ಇದು ನನ್ನ ಆರನೆಯ ಹಂಪಿ. ಹಿಂದಿನ ಐದು ಸಲವೂ ಕಲ್ಲಿನ ರಥದ ಮುಂದೆ ಕ್ಯಾಮೆರಾ ಹಿಡಿದು, ಜನ ಸರಿಯುವುದನ್ನೇ ಕೊಕ್ಕರೆಯಂತೆ ಕಾದು, ಒಬ್ಬರೂ ಇಲ್ಲದ ಚಿತ್ರ ತೆಗೆದು ಬೀಗಿದ್ದೆ. ಮೊನ್ನೆ ಆ ಐದನ್ನೂ ಒಟ್ಟಿಗೆ ಇಟ್ಟು ನೋಡಿದರೆ ಯಾವುದು ಯಾವ ವರ್ಷದ್ದೆಂದು ನನಗೇ ಗುರುತು ಹತ್ತಲಿಲ್ಲ. "ಒಂದೇ ಸಾಕಾಗಿತ್ತಲ್ಲ, ನಾಲ್ಕು ಸಲದ ರೈಲು ಚಾರ್ಜು ಉಳಿಯುತ್ತಿತ್ತು" ಎಂದಳು ಹೆಂಡತಿ. ಮಾತು ನಾಟಿತು. ಹಾಗಾಗಿ ಈ ಬಾರಿ ಒಂದು ಪಣ ತೊಟ್ಟೆ: ಕಲ್ಲಿನ ಚಿತ್ರ ಒಂದನ್ನೂ ತೆಗೆಯಕೂಡದು. ಕಲ್ಲು ನೋಡಲು ಬಂದವರ ಚಿತ್ರ ಮಾತ್ರ.

ನಿಲ್ದಾಣದ ಹೊರಗೆ ಸಿಕ್ಕ ಆಟೋದವರು ಕಮಲಾಪುರದವರು. ಕೊರಳಲ್ಲಿ ತೂಗುತ್ತಿದ್ದ ಕ್ಯಾಮೆರಾ ನೋಡಿದ್ದೇ ವ್ಯಾಪಾರಕ್ಕಿಳಿದರು. "ಸರ್, ಫೋಟೋ ಪಾಯಿಂಟ್ ಎಷ್ಟು ಬೇಕು? ಅರ್ಧ ದಿನಕ್ಕೆ ಏಳು, ಇಡೀ ದಿನಕ್ಕೆ ಹನ್ನೆರಡು." ದೇವಸ್ಥಾನ ಎಷ್ಟು ಎಂದು ಕೇಳಿದೆ. "ಅವು ಪಾಯಿಂಟಿನ ಜೊತೆಯಲ್ಲೇ ಬಂದುಬಿಡುತ್ತವೆ."

ನಕ್ಕೆ. ಆದರೆ ಈ ಲೆಕ್ಕ ಅವರು ಕಂಡುಹಿಡಿದದ್ದಲ್ಲ. ಇಂಗ್ಲೆಂಡಿನ ಸರೋವರ ಸೀಮೆಗೆ 1778ರಲ್ಲೇ ಥಾಮಸ್ ವೆಸ್ಟ್ ಎಂಬ ಪಾದ್ರಿ ಒಂದು ಮಾರ್ಗದರ್ಶಿ ಬರೆದು, ಯಾವ ಗುಡ್ಡದ ಯಾವ ಮಗ್ಗುಲಲ್ಲಿ ನಿಂತರೆ ಎಡಕ್ಕೇನು ಬಲಕ್ಕೇನು ಕಾಣಬೇಕೆಂದು ಒಂದೊಂದು ಸರೋವರಕ್ಕೂ ತಾಣಗಳನ್ನು ಗೊತ್ತುಮಾಡಿಕೊಟ್ಟಿದ್ದ. ಆಗಿನ ಪ್ರವಾಸಿಗರ ಜೇಬಿನಲ್ಲಿ ಇನ್ನೊಂದು ಸಾಮಾನೂ ಇರುತ್ತಿತ್ತು. ಕಪ್ಪು ಲೇಪದ, ಸ್ವಲ್ಪ ಉಬ್ಬಿದ ಪುಟ್ಟ ಕನ್ನಡಿ. ಅದಕ್ಕೆ ಕ್ಲಾಡ್ ಕನ್ನಡಿಯೆಂದು ಹೆಸರು. ಕ್ಲಾಡ್ ಎಂಬ ಚಿತ್ರಕಾರನ ವರ್ಣಚಿತ್ರಗಳಂತೆ ಪ್ರಕೃತಿ ಅದರಲ್ಲಿ ಕಾಣುತ್ತಿತ್ತು. ಬಳಸುವ ಕ್ರಮ ಹೇಗೆಂದರೆ, ಬೆಟ್ಟ ಸರೋವರಗಳಿಗೆ ಬೆನ್ನು ತಿರುಗಿಸಿ ನಿಲ್ಲುವುದು, ಕನ್ನಡಿ ಎತ್ತಿ ಹಿಡಿಯುವುದು, ಹಿಂದಿನದನ್ನು ಅದರಲ್ಲಿ ನೋಡುವುದು. 1769ರಲ್ಲಿ ಕವಿ ಥಾಮಸ್ ಗ್ರೇ ಹೀಗೆ ನೋಡುತ್ತ ನೋಡುತ್ತ ಕೊಳಕು ಓಣಿಯೊಂದರಲ್ಲಿ ಹಿಂದಕ್ಕೆ ಬಿದ್ದು ಬೆರಳಗಂಟು ಜಜ್ಜಿಸಿಕೊಂಡ, ತಾನೇ ಬರೆದಿಟ್ಟಿದ್ದಾನೆ.

ಸಂಜೆ ಹೇಮಕೂಟದ ಬಂಡೆಯ ಮೇಲೆ ನಿಂತಾಗ ನೆನಪಾದದ್ದು ಆ ಗ್ರೇ. ಸೂರ್ಯ ಕಂತುತ್ತಿದ್ದಾನೆ. ಇನ್ನೂರಕ್ಕೆ ಕಡಿಮೆಯಿಲ್ಲದ ಜನ ಅವನನ್ನು ನೋಡಲೆಂದೇ ಹತ್ತಿ ಬಂದಿದ್ದಾರೆ, ಮತ್ತು ಮುಕ್ಕಾಲು ಪಾಲು ಜನ ಅವನಿಗೆ ಬೆನ್ನು ಹಾಕಿ ನಿಂತಿದ್ದಾರೆ. ಎತ್ತಿದ ಕೈ, ತುದಿಯಲ್ಲಿ ಮೊಬೈಲು, ಒಳಗೆ ತಾವು, ತಮ್ಮ ಹೆಗಲ ಮೇಲೊಂದು ಕಿತ್ತಳೆ ಚುಕ್ಕೆ. ನನಗಂತೂ ಹಬ್ಬ. ಎಲ್ಲರ ಮುಖಕ್ಕೂ ಪರದೆಯ ನೀಲಿ ಬೆಳಕು, ಬೆನ್ನಿಗೆ ಸಂಜೆಯ ಬಿಸಿಲು. ನಲವತ್ತು ಚಿತ್ರ ತೆಗೆದೆ. ಸೂರ್ಯ ಯಾವಾಗ ಮುಳುಗಿದನೆಂದು ನಾನೂ ನೋಡಲಿಲ್ಲ.

ಎರಡನೆಯ ದಿನ

ವಿಜಯ ವಿಠ್ಠಲ ದೇವಸ್ಥಾನಕ್ಕೆ ಗೆಜ್ಜಲ ಮಂಟಪದ ಬಳಿಯಿಂದ ಬ್ಯಾಟರಿ ಗಾಡಿ. ನಾಲ್ಕು ಶಾಲೆಗಳ ಮಕ್ಕಳು ಸಾಲು ನಿಂತಿದ್ದರಿಂದ ನಾನು ನಡೆದೇ ಹೋದೆ. ನಲವತ್ತು ರೂಪಾಯಿಯ ಟಿಕೆಟ್ ತೋರಿಸಿ ಒಳಗೆ ಕಾಲಿಟ್ಟರೆ ಎದುರಿಗೇ ರಥ, ರಥದ ಮುಂದೆ ಜಾತ್ರೆ.

ಇಲ್ಲಿ ಬಂದವರು ಮೊದಲು ಕೈ ಹಾಕುವುದು ಜೇಬಿಗೆ. 2017ರಲ್ಲಿ ಬಂದ ತಿಳಿನೀಲಿಯ ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿ ಈ ರಥವೇ ಅಚ್ಚಾಗಿದೆಯಲ್ಲ, ಆ ನೋಟನ್ನು ಹಿಡಿದು ಅಸಲನ್ನೂ ನಕಲನ್ನೂ ಒಂದೇ ಚಿತ್ರದಲ್ಲಿ ಸೇರಿಸಬೇಕು. ಕಸರತ್ತು ನೋಡುವಂತಿರುತ್ತದೆ. ಹೆಬ್ಬೆರಳು ತೋರುಬೆರಳಿನ ನಡುವೆ ನೋಟಿನ ಮೂಲೆ, ತೋಳು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಸೊಂಟ ಬಳುಕಿಸಿ ಎರಡು ಹೆಜ್ಜೆ ಎಡಕ್ಕೆ, ಒಂದು ಹೆಜ್ಜೆ ಹಿಂದಕ್ಕೆ. ಗಾಳಿಗೆ ನೋಟು ಮಡಚಿಕೊಳ್ಳುತ್ತದೆ. ಇನ್ನೊಂದು ಕೈಯ ಮೊಬೈಲಿಗೆ ಬೇರೆಯದೇ ಕಷ್ಟ. ಅಷ್ಟು ಹತ್ತಿರದ ನೋಟು ಸ್ಪಷ್ಟವಾದರೆ ಅಷ್ಟು ದೂರದ ರಥ ಮಂಕಾಗುತ್ತದೆ, ರಥ ಸ್ಪಷ್ಟವಾದರೆ ನೋಟು ಮಂಕು. ಪರದೆ ಮುಟ್ಟಿ ಯಾವುದಾದರೂ ಒಂದನ್ನು ಆರಿಸಲೇಬೇಕು. ಒಂದು ಗಂಟೆ ಕೂತು ನೋಡಿದೆ. ನನ್ನ ಕಣ್ಣಿಗೆ ಬಿದ್ದವರಲ್ಲಿ ಹೆಚ್ಚಿನವರು ಬೆರಳಿಟ್ಟದ್ದು ನೋಟಿನ ಮೇಲೆ.

ಇನ್ನೊಂದು ತಮಾಷೆಯೆಂದರೆ ಯಾರ ಬಳಿಯೂ ನೋಟಿಲ್ಲ. ಎಳನೀರಿಗೂ ಸೌತೆಕಾಯಿಗೂ ಮೊಬೈಲಿನಲ್ಲೇ ಹಣ ಕೊಡುವ ಕಾಲ. "ಐವತ್ತರ ನೋಟಿದೆಯಾ, ಐವತ್ತರ ನೋಟು?" ಎಂದು ಒಬ್ಬರು ಇನ್ನೊಬ್ಬರನ್ನು ಕೇಳುತ್ತ ತಿರುಗುತ್ತಿದ್ದರು. ನನ್ನ ಪರ್ಸಿನಲ್ಲಿ ಒಂದಿತ್ತು. ಧಾರವಾಡ ಕಡೆಯ ಒಂದು ಸಂಸಾರಕ್ಕೆ ಕೊಟ್ಟೆ. ಅವರಿಂದ ಅದು ತೆಲುಗು ಮಾತನಾಡುವ ಹುಡುಗರ ಗುಂಪಿಗೆ ಹೋಯಿತು, ಅಲ್ಲಿಂದ ಹೊಸದಾಗಿ ಮದುವೆಯಾದ ಜೋಡಿಗೆ, ಜೋಡಿಯಿಂದ ಒಬ್ಬ ಮೇಷ್ಟರಿಗೆ. ನೋಟಿನ ಹಿಂದೆ ನನ್ನ ಕ್ಯಾಮೆರಾವೂ ಹೋಯಿತು. ಅರ್ಧ ಗಂಟೆಯ ಮೇಲೆ ಮೇಷ್ಟರು ಬಂದು ಥ್ಯಾಂಕ್ಸ್ ಹೇಳಿ ಕೈಗಿಟ್ಟ ನೋಟು ನನ್ನದಾಗಿರಲಿಲ್ಲ. ನನ್ನದು ಗರಿಗರಿಯಾಗಿತ್ತು, ಇದರ ಮೂಲೆ ಹರಿದಿತ್ತು, ಅಂಚಿನಲ್ಲಿ ಯಾರೋ ಪೆನ್ನಿನಲ್ಲಿ ಲೆಕ್ಕ ಕೂಡಿಸಿದ್ದರು. ನಡುವೆ ಎಲ್ಲಿ ಅದಲು ಬದಲಾಯಿತೋ ರಥವೇ ಬಲ್ಲದು.

ಆ ನೋಟಿನ ಚಿತ್ರದಲ್ಲಿ ಜನ ಇಲ್ಲ. ರಥದ ಸುತ್ತ ಈಚೆಗೆ ಹಾಕಿರುವ ತಡೆಯೂ ಇಲ್ಲ. ನಾನು ಐದು ಸಲ ಕಾದು ಕಾದು ತೆಗೆದದ್ದೂ ಇದನ್ನೇ. ಆದರೆ ನೋಟಿನವರೂ ನಾನೂ ನಿಜವಾದ ರಥವೆಂದುಕೊಂಡಿರುವುದು ಅರ್ಧ ರಥ. ಕಂಪನಿ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಇಲ್ಲಿಗೆ ಬಂದು ತೆಗೆದ ಚಿತ್ರದಲ್ಲಿ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವೊಂದು ನಿಂತಿದೆ. ಆಮೇಲೆ ಅದು ಹೋಯಿತು. ಮುಂದೆ ಎಳೆಯುತ್ತಿರುವಂತೆ ಕಾಣುವ ಆನೆಗಳೂ ಮೂಲದವಲ್ಲ. ಅಲ್ಲಿ ಮೊದಲು ಕುದುರೆಗಳಿದ್ದವು. ನೋಡಬೇಕೆಂದವರಿಗೆ ಆನೆಗಳ ಹಿಂದೆ ಕುದುರೆಯ ಹಿಂಗಾಲು ಮತ್ತು ಬಾಲದ ಗುರುತು ಇವತ್ತಿಗೂ ಇದೆ.

ಅದನ್ನು ಅವತ್ತು ಕಂಡುಹಿಡಿದವಳು ಏಳನೆಯ ತರಗತಿಯ ಒಬ್ಬ ಹುಡುಗಿ. ಜ್ಞಾನದಾಹದಿಂದಲ್ಲ. ಪ್ರವಾಸದ ವರದಿಗೆ ಹತ್ತು ಅಂಶ ಬರೆಯಬೇಕೆಂದು ಟೀಚರ್ ಆಜ್ಞೆ ಮಾಡಿದ್ದರು. ಗೆಳತಿಯ ಪುಸ್ತಕದಿಂದ ನಕಲು ಮಾಡಿದ್ದು ಒಂಬತ್ತಕ್ಕೇ ಮುಗಿದಿತ್ತು. ಹತ್ತನೆಯದಕ್ಕಾಗಿ ರಥದ ಸುತ್ತ ಪ್ರದಕ್ಷಿಣೆ ಹಾಕಿ ಹಾಕಿ, ಕೊನೆಗೆ "ಟೀಚರ್, ಆನೆಗೆ ಕುದುರೆ ಬಾಲ ಇದೆ" ಎಂದು ಕೂಗಿದಳು. "ಸುಮ್ಮನೆ ಬಾ, ಗ್ರೂಪ್ ಫೋಟೋ" ಎಂದು ಟೀಚರ್ ಕರೆದರು. ಅವಳು ಬರೆದುಕೊಂಡೇ ಹೋದಳು.

ಮಧ್ಯಾಹ್ನ ನನಗೆ ಸರಿಯಾಗಿ ಬಿಸಿ ತಾಗಿತು. ಮಹಾಮಂಟಪದ ನೆರಳಿನಲ್ಲಿ ಒಬ್ಬ ನಡುವಯಸ್ಸಿನ ಹೆಂಗಸು ಗಂಡನ ತಲೆಯನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗಿಸಿ ಚಿತ್ರಕ್ಕೆ ಅಣಿಗೊಳಿಸುತ್ತಿದ್ದರು. ಚೆನ್ನಾಗಿತ್ತು. ತೆಗೆದೆ. ಅವರಿಗೆ ಕಂಡುಹೋಯಿತು.

"ನಮ್ಮ ಫೋಟೋ ಯಾಕೆ ತೆಗೆದಿರಿ?"

ಪ್ರವಾಸಿಗರ ಬಗ್ಗೆ, ನೋಟದ ಬಗ್ಗೆ ಏನೋ ತೊದಲಿದೆ.

"ಅಂದರೆ ನಮ್ಮನ್ನು ನೋಡಿ ನಗುವುದಕ್ಕೆ. ನೀವೇನು, ಇದೇ ಊರಿನವರೇ?"

ಬೆಂಗಳೂರು ಎಂದೆ. "ಮತ್ತೆ ನೀವೂ ನಮ್ಮ ಹಾಗೆಯೇ ಟಿಕೆಟ್ ತೆಗೆದುಕೊಂಡು ಬಂದವರು ತಾನೇ? ಅಳಿಸಿ." ಅವರೆದುರೇ ಅಳಿಸಿದೆ. ಉತ್ತರ ಕೊಡಲು ಬಾಯಿ ಬರಲಿಲ್ಲ, ಏಕೆಂದರೆ ಆ ಚಿತ್ರ ತೆಗೆಯುವಾಗ ನನ್ನ ತುಟಿಯ ಮೇಲೆ ನಗು ಇದ್ದದ್ದು ನಿಜ. ಅವರು ಅಷ್ಟಕ್ಕೇ ಬಿಡಲಿಲ್ಲ. ತಮ್ಮ ಮೊಬೈಲನ್ನು ನನ್ನ ಕೈಗೆ ತುರುಕಿ, "ಈಗ ಇದರಲ್ಲಿ ತೆಗೆಯಿರಿ. ಕಂಬ ಪೂರ್ತಿ ಬರಬೇಕು. ಇವರ ಹೊಟ್ಟೆ ಬರಬಾರದು" ಎಂದರು. ಆ ನಾಲ್ಕು ದಿನಗಳಲ್ಲಿ ನಾನು ಅತ್ಯಂತ ಶ್ರದ್ಧೆಯಿಂದ ತೆಗೆದ ಚಿತ್ರ ಅದು. ನನ್ನ ಬಳಿ ಇಲ್ಲ.

ಮೂರನೆಯ ದಿನ

ಬೆಳಿಗ್ಗೆ ಮಾತಂಗ ಪರ್ವತ ಹತ್ತುವ ಯೋಜನೆ ಇತ್ತು. ಮೊಣಕಾಲು ಬೇಡವೆಂದಿತು. ಒಗ್ಗರಣೆ, ಮಿರ್ಚಿ ತಿಂದು ನಿಧಾನವಾಗಿ ವಿರೂಪಾಕ್ಷನ ಎದುರಿನ ರಥಬೀದಿಗೆ ಬಂದೆ.

ಮುಕ್ಕಾಲು ಕಿಲೋಮೀಟರ್ ಉದ್ದದ ಬೀದಿ. ಈ ತುದಿಗೆ ಗೋಪುರ, ಆ ತುದಿಗೆ ಎದುರು ಬಸವಣ್ಣ, ನಡುವೆ ಇಕ್ಕೆಲಗಳಲ್ಲೂ ಖಾಲಿ ಮಂಟಪಗಳ ಸಾಲು. ಈಗ ಬಂದವರಿಗೆ ಇದು ಐನೂರು ವರ್ಷಗಳಿಂದ ಹೀಗೆಯೇ ಬಿದ್ದಿರುವ ಹಾಳೂರು. ನಾನು ಮೊದಲ ಸಲ ಬಂದಾಗ ಇದೇ ಮಂಟಪಗಳಲ್ಲಿ ಮನೆಗಳಿದ್ದವು. ಕಂಬದಿಂದ ಕಂಬಕ್ಕೆ ಕಟ್ಟಿದ ಹಗ್ಗದಲ್ಲಿ ಸೀರೆ ಒಣಗುತ್ತಿತ್ತು, ಒಂದು ಕಂಬದ ಸಿಂಹದ ಕಿವಿಗೆ ಯಾರೋ ಶಾಲೆಯ ಚೀಲ ತೂಗುಹಾಕಿದ್ದರು. ಆ ಚಿತ್ರವನ್ನು ನಾನು ತೆಗೆಯಲಿಲ್ಲ. ಸೀರೆ ಅಡ್ಡ ಬರುತ್ತದೆಂದು ಬೇರೆ ಕಂಬ ಹುಡುಕಿಕೊಂಡು ಹೋಗಿದ್ದೆ. 2011ರ ಜುಲೈಯಲ್ಲಿ ಬುಲ್ಡೋಜರ್‌ಗಳು ಬಂದವು. ಮಂಟಪಗಳಿಗೆ ಹೊಂದಿಸಿ ಕಟ್ಟಿಕೊಂಡ ಗೋಡೆಗಳು ಕಲ್ಲಿನ ರಚನೆಗೆ ಧಕ್ಕೆ ತರುತ್ತಿವೆ, ಇದು ಒತ್ತುವರಿ ಎಂಬುದು ಆಡಳಿತದ ವಾದ. ಆ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಬೀದಿಯೆಂದರೆ ವ್ಯಾಪಾರ, ಮಂಟಪವೆಂದರೆ ಅಂಗಡಿ. ಅದಕ್ಕಾಗಿಯೇ ಕಟ್ಟಿದ್ದ ಜಾಗದಿಂದ ಅಂಗಡಿಯವರನ್ನೇ ಎಬ್ಬಿಸಿದ ಮೇಲೆ ಉಳಿದದ್ದು ಏನು? ಫೋಟೋಗೆ ಅಡ್ಡಿಯಿಲ್ಲದ ಬೀದಿ. ನೂರಾರು ಕುಟುಂಬಗಳು ಎದ್ದವು. ಎಷ್ಟೋ ಜನರಿಗೆ ಕಡ್ಡಿರಾಂಪುರದಲ್ಲಿ ಜಾಗ ಸಿಕ್ಕುವ ಹೊತ್ತಿಗೆ ವರ್ಷಗಳೇ ಉರುಳಿದ್ದವು. ಹೊಳೆಯಾಚೆ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳು ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ 2020ರಲ್ಲಿ ನೆಲಸಮವಾದವು. ಅದರ ಕಥೆ ಬೇರೆ.

ಬಸವಣ್ಣನ ಬಳಿ ಒಬ್ಬ ಕಾಲೇಜು ಹುಡುಗ ತಂದೆತಾಯಿಯರ ಫೋಟೋ ತೆಗೆದು ಮೆಟ್ಟಿಲ ಮೇಲೆ ಕೂತು ಏನೋ ತಿದ್ದುತ್ತಿದ್ದ. ನಿನ್ನೆಯ ಪಾಠದ ಮೇಲೆ ಈಗ ನಾನು ಕೇಳಿಯೇ ಹತ್ತಿರ ಹೋಗುವವನು. ಇಣುಕಿದೆ. ಹಿಂದೆ ಬಂದ ಜನರ ಸುತ್ತ ಬೆರಳಿನಿಂದ ಗೆರೆ ಎಳೆಯುತ್ತಾನೆ, ಒತ್ತುತ್ತಾನೆ, ಅವರು ಮಾಯ. ಅವರಿದ್ದ ಕಡೆ ಕಲ್ಲು ತಾನಾಗಿ ಬೆಳೆಯುತ್ತದೆ. ಒಬ್ಬ ಐಸ್‌ಕ್ರೀಮ್ ಮಾರುವವನು ಹೋದ, ಅವನ ಗಾಡಿ ಹೋಯಿತು, ಮೂವರು ಹೆಂಗಸರು ಹೋದರು. "ಅಂಕಲ್, ಇದು ನೀವು ನೋಡಿ" ಎಂದು ನಕ್ಕ. ನಿಜವೇ, ಅವರ ಹಿಂದೆ ನಾನು ಕ್ಯಾಮೆರಾ ಹಿಡಿದು ಬಗ್ಗಿ ನಿಂತಿದ್ದೆ. ಗೆರೆ ಎಳೆದ, ಒತ್ತಿದ. ನಾನು ಹೋದೆ, ನನ್ನ ನೆರಳು ಮಾತ್ರ ಬಂಡೆಯ ಮೇಲೆ ಉಳಿಯಿತು, ಎರಡು ಮೊಣಕೈ ಚಾಚಿಕೊಂಡು. ಅದನ್ನೂ ಒತ್ತಿದ. ಹೋಗಲಿಲ್ಲ. "ಇರಲಿ ಬಿಡಿ, ಯಾರಿಗೂ ಗೊತ್ತಾಗುವುದಿಲ್ಲ" ಎಂದ.

ಗ್ರೀನ್‌ಲಾ ಬಳಸಿದ್ದು ಮೇಣ ಹಚ್ಚಿದ ಕಾಗದದ ನೆಗೆಟಿವ್. ಅಂಥ ಕಾಗದದ ಮೇಲೆ ಚಿತ್ರ ಮೂಡಲು ನಿಮಿಷಗಟ್ಟಲೆ ಬೆಳಕು ಬೀಳಬೇಕು. ನಡೆದು ಹೋಗುವ ಮನುಷ್ಯ ಅದರ ಮೇಲೆ ನಿಲ್ಲುವುದಿಲ್ಲ, ಕಲ್ಲು ನಿಲ್ಲುತ್ತದೆ. ಹೀಗೆ ಹಂಪಿಯ ಮೊದಮೊದಲ ಚಿತ್ರಗಳು ನಿರ್ಜನವಾದದ್ದರಲ್ಲಿ ಕಾಗದದ ಮಂದಗತಿಯ ಪಾಲೂ ಇದೆ. ಆಮೇಲಿನವರು ಆ ಮೌನವನ್ನು ಹಂಪಿಯ ಗುಣವೆಂದೇ ನಂಬಿದರು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಗ್ರೀನ್‌ಲಾ ನಿಂತಲ್ಲೇ ನಿಂತು ಅದೇ ನೋಟಗಳನ್ನು ಮತ್ತೆ ತೆಗೆದರು. ನಾನು ಇಪ್ಪತ್ತು ವರ್ಷ ನಿಂತದ್ದೂ ಹೆಚ್ಚುಕಡಿಮೆ ಅದೇ ಸಾಲಿನಲ್ಲಿ, ಯಾರ ಸಾಲೆಂದು ಗೊತ್ತಿಲ್ಲದೆ.

ಮಧ್ಯಾಹ್ನದ ಮೇಲೆ ದೇವಸ್ಥಾನದ ಒಳಗೆ, ಗರ್ಭಗುಡಿಯ ಹಿಂಭಾಗದ ಕತ್ತಲ ಕೋಣೆಗೆ ಹೋದೆ. ಗೋಡೆಯ ಪುಟ್ಟ ಕಿಂಡಿಯಿಂದ ಬೆಳಕು ಬಂದು ಎದುರು ಗೋಡೆಯ ಮೇಲೆ ಪೂರ್ವದ ದೊಡ್ಡ ಗೋಪುರ ತಲೆಕೆಳಗಾಗಿ ಬೀಳುತ್ತದೆ. ಐವತ್ತು ಮೀಟರ್‌ನಷ್ಟು ಎತ್ತರದ ಒಂಬತ್ತು ನೆಲೆಯ ಗೋಪುರ, ಕಳಸ ಕೆಳಗೆ, ಬಾಗಿಲು ಮೇಲೆ. ಎಲ್ಲ ಕ್ಯಾಮೆರಾಗಳ ಒಳಗೂ ಚಿತ್ರ ಹೀಗೆಯೇ ಬೀಳುವುದು. ನಮಗೆ ತೋರಿಸುವಾಗ ಅದು ನೆಟ್ಟಗೆ ಮಾಡಿಕೊಡುತ್ತದೆ, ಅಷ್ಟೇ. ಇಲ್ಲಿ ಕಲ್ಲಿನ ಕೋಣೆಯೇ ಕ್ಯಾಮೆರಾ, ನಾವು ಅದರ ಹೊಟ್ಟೆಯಲ್ಲಿ. ಒಳಗಿದ್ದವರು ಒಬ್ಬೊಬ್ಬರಾಗಿ ಮೊಬೈಲ್ ಎತ್ತಿದರು. ಒಬ್ಬರ ಫ್ಲ್ಯಾಷ್ ಹೊತ್ತಿಕೊಂಡಿತು. ಗೋಡೆ ಬೆಳ್ಳಗಾಯಿತು, ಗೋಪುರ ಅಳಿಸಿಹೋಯಿತು. "ಬರಲಿಲ್ಲ" ಎಂದು ಅವರು ಮತ್ತೆ ತೆಗೆದರು. ಮತ್ತೆ ಫ್ಲ್ಯಾಷ್. ಮತ್ತೆ ಬರಲಿಲ್ಲ. ಫ್ಲ್ಯಾಷ್ ಆರಿಸಿ ಎಂದು ನಾನು ಹೇಳಬಹುದಿತ್ತು. ಆ ಬರಿಯ ಗೋಡೆಯ ಮುಂದೆ ಪೆಚ್ಚಾಗಿ ನಿಂತ ಅವರ ಮುಖ ಎಷ್ಟು ಚೆನ್ನಾಗಿತ್ತೆಂದರೆ, ಹೇಳುವ ಮೊದಲು ಒಂದು ಚಿತ್ರ ತೆಗೆದುಕೊಂಡೆ. ಕೇಳದೆ.

ನಾಲ್ಕನೆಯ ದಿನ

ರಾತ್ರಿಗೆ ರೈಲು. ಬೆಳಿಗ್ಗೆ ಹೊಳೆ ದಾಟಿ ಆನೆಗೊಂದಿಯ ಕಡೆ ಹೋದೆ. ಅಂಜನಾದ್ರಿಯ 575 ಮೆಟ್ಟಿಲಿಗೆ ಕೆಳಗಿನಿಂದಲೇ ಕೈ ಮುಗಿದೆ. ಹತ್ತಿ ಇಳಿಯುತ್ತಿದ್ದವರಿಗೆ ವಿಜಯನಗರದ ಗೊಡವೆಯಿಲ್ಲ. ಅವರು ಬಂದಿರುವುದು ಕಿಷ್ಕಿಂಧೆಗೆ. ನಮಗೆ ಗ್ರಾನೈಟು ಸವೆದು ಆದ ಗುಂಡುಗಳು ಅವರಿಗೆ ವಾಲಿ ಸುಗ್ರೀವರು ಹೊಡೆದಾಡುವಾಗ ಎಸೆದಾಡಿದ ಕಲ್ಲುಗಳು. ಬಂಡೆಯ ಮೇಲಿನ ಗೆರೆ ಸೀತೆಯ ಸೆರಗಿನದು. ಅವರೂ ಮನಸ್ಸಿನಲ್ಲಿ ಚಿತ್ರ ತುಂಬಿಕೊಂಡೇ ಬಂದಿದ್ದಾರೆ. ಅದು ನಮ್ಮದಕ್ಕಿಂತ ಹಳೆಯದು.

ಹೊಳೆಯಲ್ಲಿ ಹರಿಗೋಲಿನವರು ಕರೆದರು. ಐನೂರು ವರ್ಷಗಳ ಹಿಂದೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬೆರಗಾಗಿ ಬರೆದದ್ದು ಈ ಬುಟ್ಟಿಯಂಥ ದುಂಡು ದೋಣಿಗಳನ್ನೇ. ಆಗ ಕುದುರೆ, ಎತ್ತುಗಳೂ ಇದರಲ್ಲಿ ದಾಟುತ್ತಿದ್ದವು. "ದಾಟಿಸುತ್ತೀರಾ?" ಎಂದು ಕೇಳಿದೆ. "ದಾಟುವುದಕ್ಕೆ ಮೋಟಾರು ದೋಣಿ ಇದೆ. ನಾವು ತಿರುಗಿಸುತ್ತೇವೆ." ನಡುನೀರಿಗೆ ಒಯ್ದು ಹುಟ್ಟು ಹಾಕಿ ಗಿರಗಿರನೆ ಸುತ್ತಿಸುವುದು, ಕೂತವರು ವಿಡಿಯೋ ತೆಗೆದುಕೊಳ್ಳುವುದು. ಇಲ್ಲಿ ದಾಟುವುದು ಸುಲಭದ ಮಾತಾಗಿರಲಿಲ್ಲ. ಸೇತುವೆ ಕಟ್ಟಲು ಹೊರಟಾಗ ಪಾರಂಪರಿಕ ನೋಟಕ್ಕೆ ಭಂಗವೆಂದು 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದ ಪಟ್ಟಿಗೆ ಸೇರಿಸಿತ್ತು, 2006ರಲ್ಲಿ ಹೊರತೆಗೆಯಿತು. ಆನೆಗೊಂದಿಯ ಸೇತುವೆ 2009ರ ಜನವರಿಯಲ್ಲಿ ಕಟ್ಟುತ್ತಿರುವಾಗಲೇ ಕುಸಿಯಿತು, ಕೆಲಸಗಾರರು ಸತ್ತರು. ಈಗ ಸ್ವಲ್ಪ ದೂರದಲ್ಲಿ ಬುಕ್ಕಸಾಗರದ ಬಳಿ ಸೇತುವೆಯಾಗಿದೆ. ತಿರುಗಿದ್ದಕ್ಕೆ ಬಾಡಿಗೆ ಕೊಡುವಾಗ ಹರಿದ ಮೂಲೆಯ ಐವತ್ತರ ನೋಟು ಮುಂದಿಟ್ಟೆ. ಅವರು ಬಿಸಿಲಿಗೆ ಹಿಡಿದು ನೋಡಿ ವಾಪಸು ಕೊಟ್ಟರು. "ಇದು ನಡೆಯುವುದಿಲ್ಲ ಸರ್. ಫೋಟೋಗೆ ಇಟ್ಟುಕೊಳ್ಳಿ."

ಸಂಜೆಯ ಕೊನೆಯ ನಿಲ್ದಾಣ ಮಾಲ್ಯವಂತ. ರಾಮ ಮಳೆಗಾಲ ಕಳೆದನೆಂದು ಹೇಳುವ ಗುಡ್ಡ. ರಘುನಾಥ ಗುಡಿಯ ಹಿಂದಿನ ಬಂಡೆಯಲ್ಲಿ ಸೂರ್ಯಾಸ್ತಕ್ಕೆ ಜನ ಆಗಲೇ ಸೇರಿದ್ದರು. ಅವರಿಂದ ದೂರ, ಪಶ್ಚಿಮಕ್ಕೆ ಬೆನ್ನು ಹಾಕಿ ಒಬ್ಬ ಅಜ್ಜಿ ಕುಕ್ಕರುಗಾಲಲ್ಲಿ ಕೂತು ಚಪ್ಪಟೆ ಕಲ್ಲುಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದರು. ಹೀಗೆ ಕಲ್ಲಿನ ಮನೆ ಕಟ್ಟಿ ಬೇಡಿಕೊಂಡರೆ ಸ್ವಂತ ಮನೆಯಾಗುತ್ತದೆಂಬ ನಂಬಿಕೆ. ಸುತ್ತ ಅಂಥವು ಹತ್ತಾರು ಇದ್ದವು, ಹೆಚ್ಚಿನವು ನಾಲ್ಕು ಕಲ್ಲಿನವು. ಅಜ್ಜಿಯದು ಮೂರನೆಯ ಅಂತಸ್ತಿಗೆ ಏರಿತ್ತು.

"ಮೂರು ಅಂತಸ್ತು ಯಾಕಜ್ಜಿ?"

"ಕೆಳಗಿನ ಎರಡು ಬಾಡಿಗೆಗೆ." ತಲೆ ಎತ್ತಲಿಲ್ಲ. "ಸಾಲ ತೀರಬೇಕಲ್ಲಪ್ಪ."

ಫೋಟೋ ತೆಗೆಯಲೇ ಎಂದು ಕೇಳಿದೆ. ಅಜ್ಜಿ ಸೆರಗು ಸರಿಮಾಡಿಕೊಂಡು ಒಂದು ಕ್ಷಣ ಯೋಚಿಸಿದರು. "ನನ್ನದು ಬೇಡ, ಮುಖ ಚೆನ್ನಾಗಿಲ್ಲ. ಮನೆಯದು ತೆಗೆ. ಮಗನಿಗೆ ಕಳಿಸಬೇಕು."

ನಾಲ್ಕು ದಿನ ಕಾಪಾಡಿಕೊಂಡ ಪಣ. ಬರಿಯ ಕಲ್ಲು, ಜನರಿಲ್ಲ. ಮಂಡಿಯೂರಿ ಮೊಬೈಲ್ ಹಿಡಿದೆ. ಅಜ್ಜಿ ತಾವೇ ಎದ್ದು ಪಕ್ಕಕ್ಕೆ ಸರಿದರು, ತಮ್ಮ ನೆರಳು ಬೀಳದ ಹಾಗೆ. ಒಂದನ್ನು ನೋಡಿ "ಮೇಲಿನದು ಕಾಣಿಸುತ್ತಿಲ್ಲ, ಇನ್ನೂ ಬಗ್ಗು" ಎಂದರು. ಬಗ್ಗಿದೆ. ಎರಡನೆಯದು ಒಪ್ಪಿಗೆಯಾಯಿತು. ಮಗನ ನಂಬರು ಬಾಯಿಪಾಠವಿತ್ತು. ಒಂದೊಂದೇ ಅಂಕಿ ಹೇಳಿದರು, ನಾನು ಒತ್ತಿದೆ. ಗುಡ್ಡದ ಮೇಲೆ ಸಿಗ್ನಲ್ ಇಲ್ಲ.

"ಹೋಯಿತಾ?"

"ಇಲ್ಲ ಅಜ್ಜಿ, ಇನ್ನೂ ಸುತ್ತುತ್ತಿದೆ."

ಆ ಕಡೆ ಜನ ಹೋ ಎಂದರು, ಸೂರ್ಯ ಮುಳುಗಿದ್ದಿರಬೇಕು. ಅಜ್ಜಿ ನನ್ನ ಕೈಯ ಮೊಬೈಲಿನ ಮೇಲೆಯೇ ಕಣ್ಣು ನೆಟ್ಟು ಮತ್ತೆ ಕೂತರು, ಇನ್ನೊಂದು ಚಪ್ಪಟೆ ಕಲ್ಲಿಗಾಗಿ ನೆಲ ತಡಕುತ್ತ.